ತೋಳಪಟ್ಟಿ ಕಟ್ಟಿಕೊಂಡು ಗ್ಯಾಸ್ ಕೊಳ್ಳುವವರು

2022ರ ನವೆಂಬರ್ 23. ಕತಾರ್ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಜಪಾನ್ ನಡುವೆ ಪಂದ್ಯ. ಜರ್ಮನಿಯ ಗೃಹಮಂತ್ರಿ ನ್ಯಾನ್ಸಿ ಫೇಸರ್ ಗಣ್ಯರ ಸಾಲಿನಲ್ಲಿ ಕೂತು ತೋಳಿಗೆ ‘ಒನ್ ಲವ್’ ಪಟ್ಟಿ ಕಟ್ಟಿಕೊಂಡಿದ್ದರು. ಸಲಿಂಗಿಗಳ ಹಕ್ಕಿನ ಪರವಾಗಿ ಕಟ್ಟಿಕೊಳ್ಳುವ ಪಟ್ಟಿ ಅದು. ಆಟಗಾರರು ಕಟ್ಟಿಕೊಂಡರೆ ಹಳದಿ ಕಾರ್ಡ್ ತೋರಿಸುತ್ತೇವೆ ಅಂತ ಫಿಫಾ ಹೆದರಿಸಿತ್ತು. ಅದಕ್ಕೆ ಜರ್ಮನ್ ತಂಡದವರು ಫೋಟೋಗೆ ನಿಂತಾಗ ಕೈಯಿಂದ ಬಾಯಿ ಮುಚ್ಚಿಕೊಂಡು ಪ್ರತಿಭಟಿಸಿದರು. ಯುರೋಪಿನ ಪತ್ರಿಕೆಗಳ ತುಂಬ ಅದೇ ಫೋಟೋ. ಸರಿಯಾಗಿ ಆರು ದಿನ ಕಳೆದ ಮೇಲೆ ಇನ್ನೊಂದು ಸುದ್ದಿ ಬಂತು. 2026ರಿಂದ ಶುರುವಾಗಿ ಕನಿಷ್ಠ 15 ವರ್ಷ, ವರ್ಷಕ್ಕೆ 20 ಲಕ್ಷ ಟನ್‌ವರೆಗೆ ಕತಾರಿನ ದ್ರವೀಕೃತ ಅನಿಲ ಜರ್ಮನಿಗೆ ಬರುವ ಒಪ್ಪಂದ.

ಜರ್ಮನಿ ಗ್ಯಾಸ್ ಕೊಂಡಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರಷ್ಯಾದ ಗ್ಯಾಸ್ ನಿಂತಿತ್ತು, ಚಳಿಗಾಲ ಬಾಗಿಲಿಗೆ ಬಂದಿತ್ತು, ಮನೆ ಬೆಚ್ಚಗಿಡಬೇಕಲ್ಲ. ನನ್ನ ತಕರಾರು ಬೇರೆ. ತೋಳಪಟ್ಟಿ ಒಂದು ಖಾತೆ, ಗ್ಯಾಸ್ ಇನ್ನೊಂದು ಖಾತೆ ಅನ್ನುವ ಹಾಗೆ ಪಶ್ಚಿಮದ ಉದಾರವಾದಿಗಳು ಬದುಕುತ್ತಾರೆ. ಮಾನವ ಹಕ್ಕು ಅನ್ನುವುದು ಭಾಷಣದ ಖಾತೆಯಲ್ಲಿ ಇರುತ್ತದೆ. ದುಡ್ಡು, ಆಯುಧ, ಇಂಧನ, ವಲಸೆ ತಡೆಯುವ ಕೆಲಸ ಇವೆಲ್ಲ ಇನ್ನೊಂದರಲ್ಲಿ. ಮುಸ್ಲಿಂ ಬಹುಸಂಖ್ಯಾತ ದೇಶಗಳ ಸರ್ಕಾರಗಳಿಗೆ ಇದು ಚೆನ್ನಾಗಿ ಗೊತ್ತು. ಮೊದಲನೆಯ ಖಾತೆಯ ಬೈಗುಳ ಕೇಳಿಸಿಕೊಂಡರೆ ಎರಡನೆಯದರ ಚೆಕ್ ಬಂದೇ ಬರುತ್ತದೆ ಅಂತ ಅವರು ಕಲಿತು ಬಹಳ ಕಾಲ ಆಯಿತು.

ಉದಾರವಾದಿ ಅಂದಾಗ ಒಂದೇ ಪಕ್ಷದವರನ್ನು ಹೇಳುತ್ತಿಲ್ಲ. ಹಕ್ಕುಗಳ ಹೆಸರಲ್ಲಿ ರಾಜಕೀಯ ಮಾಡುವ ಅಮೆರಿಕದ ಡೆಮಾಕ್ರಟ್‌ಗಳು, ಯುರೋಪಿನ ಮಧ್ಯಪಂಥದವರು, ಪತ್ರಿಕೆಗಳ ಅಂಕಣಕಾರರು, ವಿಶ್ವವಿದ್ಯಾಲಯಗಳ ಪ್ರೊಫೆಸರುಗಳು, ಎಲ್ಲರೂ ಸೇರಿದ ಒಂದು ದೊಡ್ಡ ಗುಂಪು ಅದು. ಒಳಗೆ ಬೇಕಾದಷ್ಟು ಜಗಳ ಇದೆ. ಆದರೆ ಈ ವಿಷಯಕ್ಕೆ ಬಂದಾಗ ಮುಖ್ಯವಾಗಿ ಎರಡು ಬಗೆಯವರು ಕಾಣುತ್ತಾರೆ.

ಮೊದಲನೆಯವರು ಹೆದರಿದವರು. ‘ಆ ಸರ್ವಾಧಿಕಾರಿ ಒಳ್ಳೆಯವನಲ್ಲ, ನಿಜ, ಆದರೆ ಅವನು ಹೋದರೆ ಬರುವವರು ಗಡ್ಡದವರು’ ಅನ್ನುವುದು ಇವರ ಲೆಕ್ಕ. ಅಲ್ಜೀರಿಯಾದಲ್ಲಿ 1991ರ ಡಿಸೆಂಬರಿನ ಚುನಾವಣೆಯ ಮೊದಲ ಸುತ್ತಿನಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಅನ್ನುವ ಪಕ್ಷ 188 ಸ್ಥಾನ ಗೆದ್ದಾಗ ಸೇನೆ ಎರಡನೇ ಸುತ್ತನ್ನೇ ರದ್ದು ಮಾಡಿತು. ಪ್ಯಾರಿಸ್, ವಾಷಿಂಗ್ಟನ್‌ಗಳಲ್ಲಿ ಜಾಸ್ತಿ ಗದ್ದಲ ಆಗಲಿಲ್ಲ. ಒಬ್ಬರಿಗೆ ಒಂದು ಮತ, ಅದೂ ಒಂದೇ ಸಲ ಅನ್ನುವಂಥ ವ್ಯವಸ್ಥೆಯನ್ನು ನಾವು ನಂಬುವುದಿಲ್ಲ ಅಂತ ಅಮೆರಿಕದ ವಿದೇಶಾಂಗ ಅಧಿಕಾರಿಯೊಬ್ಬರು 1992ರಲ್ಲಿ ಹೇಳಿದ ಮಾತು ಆಮೇಲೆ ಪ್ರಸಿದ್ಧವಾಯಿತು. ಆ ಭಯ ಪೂರ್ತಿ ಸುಳ್ಳೇನಲ್ಲ. ಆದರೆ ಅಲ್ಲಿ ಆ ಒಂದು ಸಲವೂ ಪೂರ್ತಿ ಆಗಲು ಬಿಡಲಿಲ್ಲ. ನಂತರದ ಅಂತರ್ಯುದ್ಧದಲ್ಲಿ ಸತ್ತವರ ಸಂಖ್ಯೆ ಒಂದು ಲಕ್ಷದಿಂದ ಎರಡು ಲಕ್ಷದವರೆಗೆ ಇರಬಹುದು ಅಂತ ಅಂದಾಜು.

ಎರಡನೆಯವರು ಸಂಕೋಚದವರು. ‘ಅದು ಅವರ ಸಂಸ್ಕೃತಿ, ಅವರ ಧರ್ಮ, ವಸಾಹತು ಆಳಿದ ನಾವು ಏನು ಹೇಳೋಕೆ ಆಗುತ್ತೆ’ ಅನ್ನುವವರು. ಕೇಳೋಕೆ ಬಹಳ ವಿನಯವಾಗಿದೆ. ಸ್ವಲ್ಪ ಕೆರೆದು ನೋಡಿದರೆ ಇಬ್ಬರೂ ಹೇಳುತ್ತಿರುವುದು ಒಂದೇ: ಆ ಜನ ನಮ್ಮ ಹಾಗಲ್ಲ. ಒಬ್ಬರು ಭಯದಿಂದ ಹೇಳುತ್ತಾರೆ, ಇನ್ನೊಬ್ಬರು ಗೌರವದಿಂದ. ಅಲ್ಲಿಯ ಜೈಲುಗಳಲ್ಲಿ ಕೂತವರಿಗೆ ಇಬ್ಬರಿಂದಲೂ ಉಪಯೋಗ ಇಲ್ಲ.

ಇರಾನಿನಲ್ಲಿ ಎರಡೂ ಬಗೆಯವರು ಬಹುತೇಕ ಒಂದೇ ವರ್ಷದಲ್ಲಿ ಸಿಗುತ್ತಾರೆ. 1977ರಲ್ಲಿ ಅಧಿಕಾರಕ್ಕೆ ಬಂದ ಜಿಮ್ಮಿ ಕಾರ್ಟರ್, ಮಾನವ ಹಕ್ಕಿಗೆ ನಮ್ಮ ಬದ್ಧತೆ ಪೂರ್ಣವಾಗಿರಬೇಕು ಅಂತ ಪ್ರಮಾಣವಚನದ ಭಾಷಣದಲ್ಲೇ ಹೇಳಿದವರು. ಅದೇ ವರ್ಷದ ಕೊನೆಯ ರಾತ್ರಿ ಟೆಹರಾನಿನಲ್ಲಿ ಇರಾನಿನ ದೊರೆ ಶಾ ಕೊಟ್ಟ ಔತಣದಲ್ಲಿ ಲೋಟ ಎತ್ತಿ, ತಳಮಳದ ಈ ಪ್ರದೇಶದಲ್ಲಿ ಇರಾನ್ ಸ್ಥಿರತೆಯ ದ್ವೀಪ ಅಂತ ಹೊಗಳಿದರು. ಶಾನ ಗುಪ್ತ ಪೊಲೀಸರಾದ ಸವಾಕ್‌ನವರು ಏನು ಮಾಡುತ್ತಿದ್ದರು ಅನ್ನುವುದು ಗುಟ್ಟೇನೂ ಆಗಿರಲಿಲ್ಲ. ಹೊಸ ವರ್ಷದ ಎರಡನೇ ವಾರ ಕೋಮ್ ನಗರದಲ್ಲಿ ಪ್ರತಿಭಟನೆ ಶುರುವಾಯಿತು. 1979ರ ಜನವರಿಯಲ್ಲಿ ಶಾ ದೇಶ ಬಿಟ್ಟ.

ಇನ್ನೊಂದು ಕಡೆ ಪ್ಯಾರಿಸ್‌ನ ಬುದ್ಧಿಜೀವಿಗಳು. ತತ್ವಜ್ಞಾನಿ ಮಿಶೆಲ್ ಫೂಕೋ 1978ರಲ್ಲಿ ಎರಡು ಸಲ ಇರಾನಿಗೆ ಹೋಗಿ ಬಂದು, ಅಲ್ಲಿ ರಾಜಕೀಯಕ್ಕೆ ಒಂದು ಅಧ್ಯಾತ್ಮ ಸೇರುತ್ತಿದೆ ಅಂತ ಬೆರಗಿನಿಂದ ಬರೆದರು. ಆಗ ‘ಅತೂಸಾ ಎಚ್.’ ಅನ್ನುವ ಹೆಸರಿನಲ್ಲಿ ಒಬ್ಬ ಇರಾನಿ ಮಹಿಳೆ ಫ್ರೆಂಚ್ ವಾರಪತ್ರಿಕೆಗೆ ಪತ್ರ ಬರೆದಳು. ನಿಮಗೆ ಬೆರಗಾಗಿ ಕಾಣುವುದು ನಮಗೆ ಸರಪಳಿ ಆಗುತ್ತದೆ ಅನ್ನುವುದು ಅದರ ತಿರುಳು. ಫೂಕೋ ಉತ್ತರದಲ್ಲಿ ಆಕೆಗೇ ಬುದ್ಧಿ ಹೇಳಿದರು. 1979ರ ಮಾರ್ಚ್ 8ರಂದು, ಹೊಸ ಸರ್ಕಾರ ಬಂದು ತಿಂಗಳೂ ತುಂಬಿರಲಿಲ್ಲ, ಟೆಹರಾನಿನ ಹೆಂಗಸರು ಕಡ್ಡಾಯ ಹಿಜಾಬ್ ವಿರುದ್ಧ ಬೀದಿಗೆ ಬಂದಿದ್ದರು. ಒಂದು ದಿನವಲ್ಲ, ಹಲವು ದಿನ. ಆ ಹೆಂಗಸರಿಗೆ ಹಕ್ಕಿನ ಪಾಠವನ್ನು ಪಶ್ಚಿಮದಿಂದ ಯಾರೂ ಬಂದು ಹೇಳಿಕೊಡಬೇಕಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹಿಜಾಬ್ ಸರಿಯಾಗಿ ತೊಟ್ಟಿಲ್ಲ ಅಂತ ಹಿಡಿದ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ಸತ್ತಾಗ ಎದ್ದ ಕೂಗಿಗೆ ನಾಲ್ಕು ದಶಕದ ಹಿಂದಿನ ಬೇರು ಇದೆ.

ಇಲ್ಲಿ ಒಂದು ಹಳೆಯ ವಾದಕ್ಕೂ ಉತ್ತರ ಹೇಳಿಬಿಡಬೇಕು. ಮಾನವ ಹಕ್ಕು ಅನ್ನುವುದೇ ಪಶ್ಚಿಮದ ಸರಕು ಅಂತ ರಿಯಾದ್, ಟೆಹರಾನ್‌ಗಳ ವಕ್ತಾರರು ಹೇಳುತ್ತಾರೆ, ನಮ್ಮಲ್ಲೂ ಬಹಳ ಜನ ತಲೆ ಆಡಿಸುತ್ತಾರೆ. 1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಘೋಷಣೆ ಮತಕ್ಕೆ ಬಂದಾಗ 48 ದೇಶ ಪರವಾಗಿ ನಿಂತವು, 8 ದೇಶ ತಟಸ್ಥ. ತಟಸ್ಥರಲ್ಲಿ ಸೌದಿ ಅರೇಬಿಯಾ ಇತ್ತು, ಹೌದು. ಆದರೆ ವರ್ಣಭೇದದ ದಕ್ಷಿಣ ಆಫ್ರಿಕಾವೂ ಇತ್ತು, ಸೋವಿಯತ್ ಬಣವೂ ಇತ್ತು. ಪರವಾಗಿ ಮತ ಹಾಕಿದವರಲ್ಲಿ ಈಜಿಪ್ಟ್, ಇರಾನ್, ಇರಾಕ್, ಸಿರಿಯಾ, ಟರ್ಕಿ, ಅಫ್ಘಾನಿಸ್ತಾನ, ಪಾಕಿಸ್ತಾನ ಎಲ್ಲ ಇದ್ದವು. ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಗಂಡಸರು’ ಅಂತ ಓದಿಸಿಕೊಳ್ಳಬಹುದಾಗಿದ್ದ ಜಾಗದಲ್ಲಿ ‘ಎಲ್ಲ ಮನುಷ್ಯರು’ ಅಂತ ಬರೆಸಿದ್ದು ಭಾರತದ ಹಂಸಾ ಮೆಹ್ತಾ. ಇದನ್ನು ಯುರೋಪಿನವರು ತಮ್ಮ ಸ್ವಂತ ಆಸ್ತಿ ಅಂದುಕೊಂಡರೂ ತಪ್ಪು, ಅರಬ್ ದೊರೆಗಳು ಪರದೇಶದ ಕಸ ಅಂದರೂ ತಪ್ಪು.

ಈಗ ಈಜಿಪ್ಟಿಗೆ ಬರೋಣ. ಈ ಕಥೆಯಲ್ಲಿ ಎಲ್ಲರ ಬಣ್ಣವೂ ಬಯಲಾಗಿದ್ದು ಅಲ್ಲಿ.

ಇಸ್ರೇಲ್ ಜೊತೆಗಿನ ಕ್ಯಾಂಪ್ ಡೇವಿಡ್ ಒಪ್ಪಂದದಿಂದ ಶುರುವಾದ ಅಮೆರಿಕದ ಸೇನಾ ನೆರವು ಈಜಿಪ್ಟಿಗೆ ದಶಕಗಳಿಂದ ವರ್ಷಕ್ಕೆ 130 ಕೋಟಿ ಡಾಲರ್ ಬರುತ್ತಿದೆ. ಇಸ್ರೇಲ್ ಜೊತೆ ಶಾಂತಿ, ಸೂಯೆಜ್ ಕಾಲುವೆಯ ದಾರಿ, ಇವು ಅದರ ಹಿಂದಿನ ಕಾರಣ. 1981ರಿಂದ ಆಳಿದ ಹೋಸ್ನಿ ಮುಬಾರಕ್ ಅಷ್ಟೂ ವರ್ಷ ತುರ್ತು ಕಾಯ್ದೆ ಇಟ್ಟುಕೊಂಡೇ ಆಳಿದ. 2009ರ ಜೂನ್‌ನಲ್ಲಿ ಒಬಾಮಾ ಕೈರೋ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ಜಗತ್ತಿಗೆ ಅಂತ ಒಂದು ಸೊಗಸಾದ ಭಾಷಣ ಮಾಡಿದರು. ಎಲ್ಲ ಜನರೂ ತಮ್ಮನ್ನು ಹೇಗೆ ಆಳಬೇಕು ಅಂತ ಹೇಳುವ ಹಕ್ಕು ಬಯಸುತ್ತಾರೆ ಅಂದರು. ಒಂದೂವರೆ ವರ್ಷ ಕಳೆದು, 2011ರ ಜನವರಿ 25ಕ್ಕೆ, ಜನ ಅದನ್ನೇ ಕೇಳುತ್ತಾ ತಹ್ರೀರ್ ಚೌಕಕ್ಕೆ ಬಂದರು. ಅವತ್ತೇ ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್, ಈಜಿಪ್ಟ್ ಸರ್ಕಾರ ಸ್ಥಿರವಾಗಿದೆ ಅನ್ನುವುದು ನಮ್ಮ ಅಂದಾಜು ಅಂದರು. ಎರಡು ದಿನ ಬಿಟ್ಟು ಆಗಿನ ಉಪಾಧ್ಯಕ್ಷ ಜೋ ಬೈಡನ್ ಟಿವಿಯಲ್ಲಿ, ಮುಬಾರಕ್‌ರನ್ನು ನಾನು ಸರ್ವಾಧಿಕಾರಿ ಅನ್ನುವುದಿಲ್ಲ ಅಂದರು. ಮುಬಾರಕ್ ಇಳಿಯುವುದು ಖಚಿತ ಅನ್ನಿಸಿದ ಮೇಲೆ ಎಲ್ಲರೂ ಪ್ರಜಾಪ್ರಭುತ್ವದ ಪರ ಆದರು.

2012ರ ಜೂನ್‌ನಲ್ಲಿ ಮುಸ್ಲಿಂ ಬ್ರದರ್‌ಹುಡ್‌ನ ಮೊಹಮ್ಮದ್ ಮೊರ್ಸಿ ಶೇ. 51.7 ಮತದಿಂದ ಗೆದ್ದರು. ಅವರ ಆಡಳಿತವನ್ನು ನಾನು ಸಮರ್ಥಿಸಲಾರೆ. ನವೆಂಬರಿಗೆಲ್ಲ ತನ್ನ ಆದೇಶಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತ ಘೋಷಿಸಿಕೊಂಡರು, ಗೆದ್ದ ಅಲ್ಪ ಅಂತರವನ್ನು ಪೂರ್ಣ ಒಡೆತನ ಅಂದುಕೊಂಡರು. 2013ರ ಜೂನ್ 30ಕ್ಕೆ ಅವರ ವಿರುದ್ಧ ಲಕ್ಷಾಂತರ ಜನ ಬೀದಿಗೆ ಇಳಿದಿದ್ದು ಸುಳ್ಳಲ್ಲ. ಜುಲೈ 3ರಂದು ಸೇನಾ ಮುಖ್ಯಸ್ಥ ಜನರಲ್ ಸಿಸಿ ಮೊರ್ಸಿಯನ್ನು ಇಳಿಸಿ ಬಂಧನದಲ್ಲಿಟ್ಟ. ಇಲ್ಲಿ ಪಶ್ಚಿಮದವರನ್ನು ಮಾತ್ರ ಬೈದು ಮುಗಿಸುವ ಹಾಗಿಲ್ಲ, ಈಜಿಪ್ಟಿನ ಉದಾರವಾದಿಗಳೇ ಬಹಳ ಜನ ಟ್ಯಾಂಕುಗಳಿಗೆ ಚಪ್ಪಾಳೆ ಹೊಡೆದರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊಹಮ್ಮದ್ ಎಲ್‌ಬರಾದೈ ಸೇನೆ ಕೂರಿಸಿದ ಸರ್ಕಾರದಲ್ಲಿ ಉಪಾಧ್ಯಕ್ಷರಾದರು. ಬ್ರದರ್‌ಹುಡ್ ಬೇಡ ಅನ್ನುವುದಕ್ಕೂ ಸೇನೆ ಬೇಕು ಅನ್ನುವುದಕ್ಕೂ ನಡುವೆ ಇರುವ ದಾರಿ ಅವತ್ತು ಬಹಳ ಜನಕ್ಕೆ ಕಾಣಲೇ ಇಲ್ಲ.

ಆಗಸ್ಟ್ 1ಕ್ಕೆ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ, ಸೇನೆಯವರು ಪ್ರಜಾಪ್ರಭುತ್ವವನ್ನು ಮರಳಿ ತರುತ್ತಿದ್ದರು ಅಂತ ಹೇಳಿದರು. ಆಗಸ್ಟ್ 14ಕ್ಕೆ ಕೈರೋದ ರಬಾ ಚೌಕದಲ್ಲಿ ಮೊರ್ಸಿ ಬೆಂಬಲಿಗರ ಧರಣಿಯ ಮೇಲೆ ಬುಲ್ಡೋಜರ್, ಗುಂಡು, ಎರಡೂ ನುಗ್ಗಿದವು. ಹ್ಯೂಮನ್ ರೈಟ್ಸ್ ವಾಚ್ ಒಂದು ವರ್ಷ ತನಿಖೆ ಮಾಡಿ ಕೊಟ್ಟ ಲೆಕ್ಕದಲ್ಲಿ ಆ ಚೌಕದಲ್ಲಿ ಸತ್ತವರು ಕನಿಷ್ಠ 817. ಎಲ್‌ಬರಾದೈ ಅವತ್ತೇ ರಾಜೀನಾಮೆ ಕೊಟ್ಟರು, ಕೆಲವೇ ದಿನದಲ್ಲಿ ದೇಶ ಬಿಟ್ಟರು. ಚುನಾಯಿತ ಸರ್ಕಾರವನ್ನು ಸೇನೆ ಬೀಳಿಸಿದರೆ ನೆರವು ನಿಲ್ಲಿಸಬೇಕು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ಅದಕ್ಕೆ ಒಬಾಮಾ ಸರ್ಕಾರ ಕಂಡುಕೊಂಡ ಉಪಾಯ ಕೇಳಿ: ಇದು ಸೇನಾ ಕ್ರಾಂತಿಯೋ ಅಲ್ಲವೋ ಅಂತ ತೀರ್ಮಾನಿಸುವುದೇ ಇಲ್ಲ ಅಂತ ತೀರ್ಮಾನಿಸಿತು. ಸ್ವಲ್ಪ ನೆರವನ್ನು ತಡೆದು, 2015ರ ಮಾರ್ಚ್‌ನಲ್ಲಿ ಮತ್ತೆ ಬಿಟ್ಟಿತು.

ಆಮೇಲಿನದು ಬೇಗ ಹೇಳಬಹುದು. ಫ್ರಾನ್ಸ್ 2015ರಲ್ಲಿ 24 ರಫೇಲ್ ಮಾರಿತು, 2021ರಲ್ಲಿ ಇನ್ನೂ 30. ಈಜಿಪ್ಟಿನ ಕಾರ್ಮಿಕ ಸಂಘಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಇಟಲಿಯ ವಿದ್ಯಾರ್ಥಿ ಜುಲಿಯೊ ರೆಜೆನಿಯ ದೇಹ 2016ರ ಫೆಬ್ರುವರಿಯಲ್ಲಿ ಕೈರೋ ಹೊರಗಿನ ರಸ್ತೆ ಬದಿಯಲ್ಲಿ ಸಿಕ್ಕಿತು, ಮೈತುಂಬ ಚಿತ್ರಹಿಂಸೆಯ ಗುರುತು. ನಾಲ್ಕು ವರ್ಷ ಕಳೆದು ಇಟಲಿ ಅದೇ ಸರ್ಕಾರಕ್ಕೆ ಎರಡು ಯುದ್ಧನೌಕೆ ಮಾರಿತು. ತಮ್ಮದೇ ಮನೆಯ ಹುಡುಗ ಸತ್ತಾಗಲೂ ಇಷ್ಟೇ ಆದರೆ ಅಲ್ಲಿಯವರ ಪಾಡೇನು, ನೀವೇ ಲೆಕ್ಕ ಹಾಕಿ. 2020ರ ಡಿಸೆಂಬರಿನಲ್ಲಿ ಮ್ಯಾಕ್ರೋನ್, ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಸಿಸಿಗೆ ಫ್ರಾನ್ಸಿನ ಅತ್ಯುನ್ನತ ಗೌರವ ಲೀಜಿಯನ್ ಆಫ್ ಆನರ್ ತೊಡಿಸಿದರು. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ 740 ಕೋಟಿ ಯೂರೋ ಪ್ಯಾಕೇಜ್ ಘೋಷಿಸಿತು. ಗಾಝಾ ಯುದ್ಧದಿಂದ ಆರ್ಥಿಕತೆ ಕುಸಿದು ಜನ ದೋಣಿ ಹತ್ತಿ ಬಂದುಬಿಟ್ಟಾರು ಅನ್ನುವ ಭಯ.

ಟ್ಯುನೀಷಿಯಾದ ಕಥೆ ಇದಕ್ಕಿಂತ ಬೇಸರದ್ದು, ಯಾಕಂದರೆ ಅಲ್ಲಿ ಗೆಲ್ಲುವ ಹತ್ತಿರ ಬಂದಿದ್ದರು. 2011ರ ಜನವರಿಯಲ್ಲಿ ಬೀದಿಯಲ್ಲಿ ಜನ ಸಾಯುತ್ತಿದ್ದಾಗ ಫ್ರಾನ್ಸಿನ ವಿದೇಶಾಂಗ ಮಂತ್ರಿ, ನಮ್ಮ ಪೊಲೀಸರ ಪರಿಣತಿ ಬೇಕಾದರೆ ಕೊಡುತ್ತೇವೆ ಅಂತ ಸಂಸತ್ತಿನಲ್ಲೇ ಹೇಳಿದ್ದರು. ಮೂರು ದಿನದಲ್ಲಿ ಅಲ್ಲಿಯ ಸರ್ವಾಧಿಕಾರಿ ಬೆನ್ ಅಲಿ ಓಡಿಹೋದ, ಫೆಬ್ರುವರಿಯಲ್ಲಿ ಆ ಮಂತ್ರಿಯ ಕುರ್ಚಿಯೂ ಹೋಯಿತು. ಮೂರು ವರ್ಷ ಜಗಳವಾಡಿ ಇಸ್ಲಾಮಿಸ್ಟರು, ಸೆಕ್ಯುಲರ್‌ಗಳು, ಕಾರ್ಮಿಕ ಸಂಘ ಎಲ್ಲ ಕೂತು 2014ರಲ್ಲಿ ಒಂದು ಒಳ್ಳೆಯ ಸಂವಿಧಾನ ಬರೆದರು. ಇಸ್ಲಾಮಿಸ್ಟ್ ಪಕ್ಷ ಎನ್ನಹ್ದಾ ಗುಂಡು ಹಾರದೆ ಅಧಿಕಾರ ಬಿಟ್ಟುಕೊಟ್ಟಿತು. ಆ ಮಾತುಕತೆ ನಡೆಸಿದ ನಾಲ್ಕು ಸಂಸ್ಥೆಗಳಿಗೆ 2015ರ ನೊಬೆಲ್ ಬಂತು. ಆದರೆ ಕೆಲಸ ಸಿಗಲಿಲ್ಲ, ಬೆಲೆ ಇಳಿಯಲಿಲ್ಲ. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಬಹಳ ಜನ ಖುಷಿಪಟ್ಟರು ಅನ್ನುವುದೂ ನಿಜ. ಒಬ್ಬೊಬ್ಬರೇ ವಿರೋಧಿಗಳು ಜೈಲಿಗೆ ಹೋದರು. 2023ರ ಫೆಬ್ರುವರಿಯಲ್ಲಿ ಸಯೀದ್ ಕಪ್ಪು ಆಫ್ರಿಕನ್ ವಲಸಿಗರ ವಿರುದ್ಧ ವಿಷದ ಭಾಷಣ ಮಾಡಿದ, ಬೀದಿಗಳಲ್ಲಿ ಅವರ ಮೇಲೆ ದಾಳಿಗಳಾದವು. ಐದು ತಿಂಗಳು ಕಳೆದು ಯುರೋಪಿಯನ್ ಆಯೋಗದ ಅಧ್ಯಕ್ಷೆ, ಇಟಲಿಯ ಪ್ರಧಾನಿ, ನೆದರ್‌ಲ್ಯಾಂಡ್ಸ್‌ನ ಪ್ರಧಾನಿ ಮೂವರೂ ಟ್ಯೂನಿಸ್‌ಗೆ ಬಂದು ಅದೇ ಸಯೀದ್ ಪಕ್ಕ ನಿಂತು ಒಪ್ಪಂದ ಮಾಡಿಕೊಂಡರು. ವಲಸೆ ತಡೆಯೋಕೆ 10.5 ಕೋಟಿ ಯೂರೋ. 2024ರ ಚುನಾವಣೆಯಲ್ಲಿ ಸಯೀದ್‌ಗೆ ಶೇ. 90 ದಾಟಿದ ಮತ, ಮತಗಟ್ಟೆಗೆ ಬಂದವರು ಶೇ. 30ಕ್ಕಿಂತ ಕಡಿಮೆ.

ಇಸ್ಲಾಮಿಗೂ ಪ್ರಜಾಪ್ರಭುತ್ವಕ್ಕೂ ಆಗಿಬರುತ್ತದೆಯೇ ಅಂತ ದೊಡ್ಡ ದೊಡ್ಡ ಸೆಮಿನಾರ್ ನಡೆಯುತ್ತವೆ. ನನಗೆ ಅದು ಸುಮ್ನೆ ಕಾಲಹರಣ ಅನ್ನಿಸುತ್ತದೆ. ಸೆನೆಗಲ್ ನೋಡಿ, ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರೇ. 2024ರಲ್ಲಿ ಅಧ್ಯಕ್ಷ ಮ್ಯಾಕಿ ಸಾಲ್ ಚುನಾವಣೆ ಮುಂದೂಡಲು ಹೊರಟಾಗ ಅಲ್ಲಿಯ ಸಾಂವಿಧಾನಿಕ ಮಂಡಳಿ ಆಗಲ್ಲ ಅಂದಿತು. ಮತದಾನಕ್ಕೆ ಹತ್ತು ದಿನ ಇರುವಾಗ ಜೈಲಿನಿಂದ ಬಂದ ಬಸ್ಸಿರು ದಿಯೊಮಾಯ್ ಫಾಯ್ ಮೊದಲ ಸುತ್ತಿನಲ್ಲೇ ಗೆದ್ದರು. ಇಂಡೋನೇಷ್ಯಾದಲ್ಲಿ 1998ರಲ್ಲಿ ಸುಹಾರ್ತೋ ಇಳಿದ ಮೇಲೆ, ಎಷ್ಟೇ ಹುಳುಕಿದ್ದರೂ, ಜನ ಮತ ಹಾಕಿಯೇ ಸರ್ಕಾರ ಬದಲಿಸುತ್ತಿದ್ದಾರೆ. ಈಜಿಪ್ಟ್, ಟ್ಯುನೀಷಿಯಾಗಳಿಗೂ ಇವಕ್ಕೂ ಇರುವ ವ್ಯತ್ಯಾಸವನ್ನು ಕುರಾನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸೇನೆಯ ಕೈಯಲ್ಲಿ ಏನೇನಿದೆ, ಕೋರ್ಟು ಎಷ್ಟು ಗಟ್ಟಿ, ಹೊರಗಿನ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅಂತ ಹುಡುಕಬೇಕು.

ಇದೇ ಎಳೆ ನಮ್ಮ ಉಡುಪಿಯವರೆಗೂ ಬಂತಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ತರಗತಿಯ ಹಿಜಾಬ್ ನಿಷೇಧವನ್ನು ಎತ್ತಿಹಿಡಿಯಿತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆ ನಡೆಯುವಾಗಲೇ ಇರಾನ್ ಹೊತ್ತಿಕೊಂಡಿತು. ಫೇಸ್‌ಬುಕ್ಕಿನಲ್ಲಿ ಒಂದು ಕಡೆಯವರು ‘ನೋಡಿ, ಇರಾನಿನ ಹೆಣ್ಣುಮಕ್ಕಳೇ ಕಿತ್ತೆಸೆಯುತ್ತಿದ್ದಾರೆ’ ಅಂದರು. ಇನ್ನೊಂದು ಕಡೆ, ಉಡುಪಿಯ ಹುಡುಗಿಯರ ಪರ ದನಿ ಎತ್ತಿದ್ದ ಎಷ್ಟೋ ಜನ ಟೆಹರಾನಿನ ಬಗ್ಗೆ ಮಾತಾಡಲು ಹಿಂದೇಟು ಹಾಕಿದರು. ತಲೆ ಮೇಲಿನ ಬಟ್ಟೆಯನ್ನು ಹುಡುಗಿ ತೀರ್ಮಾನ ಮಾಡಬೇಕೋ ಸರ್ಕಾರವೋ ಅನ್ನುವ ಪ್ರಶ್ನೆ ಎರಡೂ ಊರಲ್ಲಿ ಒಂದೇ ಆಗಿತ್ತು, ಅಲ್ವಾ?

ಗಾಝಾ ಆದ ಮೇಲೆ ಈ ಭಾಷಣದ ಖಾತೆಯಲ್ಲೂ ಹೆಚ್ಚೇನೂ ಉಳಿದಿಲ್ಲ. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಪುಟಿನ್ ಮೇಲೆ ವಾರಂಟ್ ಹೊರಡಿಸಿದಾಗ ಸಂಭ್ರಮಿಸಿದ ರಾಜಧಾನಿಗಳು 2024ರ ನವೆಂಬರಿನಲ್ಲಿ ನೆತನ್ಯಾಹು ಮೇಲೆ ವಾರಂಟ್ ಬಂದಾಗ ಕಾನೂನಿನ ಸೂಕ್ಷ್ಮಗಳನ್ನು ಹುಡುಕತೊಡಗಿದವು. ಈಜಿಪ್ಟಿನಲ್ಲಿ ಹೆಂಗಸರಿಗೆ ಕಾನೂನು ನೆರವು ಕೊಡುವ ಒಂದು ಸಂಸ್ಥೆಗೆ ಜರ್ಮನಿ ಹಣ ನಿಲ್ಲಿಸಿತು, ಅದರ ಮುಖ್ಯಸ್ಥೆ ಗಾಝಾ ಬಗ್ಗೆ ಒಂದು ಹೇಳಿಕೆಗೆ ಸಹಿ ಹಾಕಿದ್ದಕ್ಕೆ. ಸಿಸಿಯ ಪೊಲೀಸರ ಕಾಟ ಒಂದು ಕಡೆ, ಬರ್ಲಿನ್ನಿನ ಮುನಿಸು ಇನ್ನೊಂದು ಕಡೆ. ಇದನ್ನು ನೋಡಿ ಅಲ್ಲಿಯ ಸರ್ಕಾರಗಳಿಗೆ ಒಳಗೊಳಗೇ ಖುಷಿ. ಪಶ್ಚಿಮದವರ ಇಬ್ಬಗೆ ನೀತಿ ಅನ್ನುವುದು ಅವರಿಗೆ ಪುಕ್ಕಟೆ ಸಿಕ್ಕ ಗುರಾಣಿ. ಆದರೆ ವಾಷಿಂಗ್ಟನ್ ಸುಳ್ಳು ಹೇಳಿತು ಅಂದ ಮಾತ್ರಕ್ಕೆ ಕೈರೋದ ಜೈಲು ಖಾಲಿ ಆಗುವುದಿಲ್ಲ.

ಟ್ರಂಪ್ ಬಗ್ಗೆ ‘ಕನಿಷ್ಠ ಬೂಟಾಟಿಕೆ ಇಲ್ಲ’ ಅನ್ನುವವರನ್ನು ನಮ್ಮಲ್ಲೂ ಕೇಳುತ್ತೇನೆ. 2025ರ ಮೇ ತಿಂಗಳಲ್ಲಿ ರಿಯಾದ್‌ಗೆ ಹೋಗಿ, ಹೇಗೆ ಬದುಕಬೇಕು ಅಂತ ನಿಮಗೆ ಉಪದೇಶ ಮಾಡುವ ಕಾಲ ಮುಗಿಯಿತು ಅನ್ನುವ ಧಾಟಿಯಲ್ಲಿ ಮಾತಾಡಿದರು, ಸಭಾಂಗಣ ಚಪ್ಪಾಳೆ ಹೊಡೆಯಿತು. ನವೆಂಬರಿನಲ್ಲಿ ಸೌದಿ ಯುವರಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೌದಿಯವರೇ ಕೊಂದ ಪತ್ರಕರ್ತ ಖಶೋಗಿಯ ಬಗೆಗಿನ ಪ್ರಶ್ನೆಗೆ, ಇಂಥವು ಆಗುತ್ತವೆ ಅಂದುಬಿಟ್ಟರು. ಬೈಡನ್ ಆ ಸೌದಿಯನ್ನು ಜಗತ್ತು ದೂರ ಇಡುವ ಹಾಗೆ ಮಾಡುತ್ತೇನೆ ಅಂತ ಹೇಳಿ 2022ರಲ್ಲಿ ಜೆದ್ದಾಕ್ಕೆ ಹೋಗಿ ಮುಷ್ಟಿಗೆ ಮುಷ್ಟಿ ತಾಗಿಸಿ ಬಂದಿದ್ದರು. ಬೂಟಾಟಿಕೆ ಇರುವವನಿಗೆ ಕೊನೆಪಕ್ಷ ನೀನು ಹೇಳಿದ್ದೇನು ಅಂತ ಕೇಳಬಹುದು. ಏನೂ ಹೇಳದವನಿಗೆ ಏನು ಕೇಳೋದು?

ಹಾಗಾದರೆ ಹೊರಗಿನ ಒತ್ತಡದಿಂದ ಏನೂ ಆಗುವುದಿಲ್ಲವೇ ಅಂದರೆ, ಆಗುತ್ತದೆ, ತೋಳಪಟ್ಟಿಯಿಂದ ಅಲ್ಲ. ಮತ್ತೆ ಕತಾರ್ ಉದಾಹರಣೆಯೇ ಸಾಕು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿಗೆ ಯಾರನ್ನೂ ಕಳಿಸದ ಮನೆ ಕಡಿಮೆ. ಕಫೀಲ್ (ಕೆಲಸಕ್ಕೆ ಕರೆಸಿಕೊಂಡ ಮಾಲೀಕ) ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ಕೆಲಸ ಬದಲಿಸೋಕೆ ಹಳೇ ಮಾಲೀಕನ ಎನ್‌ಒಸಿ, ಊರಿಗೆ ಬರೋಕೆ ಎಕ್ಸಿಟ್ ಪರ್ಮಿಟ್, ಇದೆಲ್ಲ ಆ ಮನೆಗಳಿಗೆ ಹೊಸದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ 2014ರಲ್ಲಿ ಕತಾರ್ ವಿರುದ್ಧ ದೂರು ದಾಖಲಾಯಿತು. ವರ್ಷಗಟ್ಟಲೆ ಕಾಗದ, ಸಭೆ, ಗಡುವು, ಒಂದೂ ಟಿವಿಗೆ ಬರುವಂಥ ದೃಶ್ಯವಲ್ಲ. ವಿಶ್ವಕಪ್ ಕೈತಪ್ಪಬಹುದು ಅನ್ನುವ ಭಯ ಕತಾರಿಗೆ ಇತ್ತು. 2020ರ ಹೊತ್ತಿಗೆ ಹೆಚ್ಚಿನವರಿಗೆ ಎಕ್ಸಿಟ್ ಪರ್ಮಿಟ್ ಹೋಯಿತು, ಎನ್‌ಒಸಿ ನಿಯಮವೂ ಹೋಯಿತು, 2021ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 1000 ರಿಯಾಲ್ ಮೂಲವೇತನ ಬಂತು. ಜಾರಿ ಅರೆಬರೆ, ಸಂಬಳ ಬಾಕಿ ಇಟ್ಟು ಮುಚ್ಚುವ ಕಂಪನಿಗಳು ಈಗಲೂ ಇವೆ. ಆದರೂ ಕಾನೂನು ಪುಸ್ತಕ ಬದಲಾಯಿತು, ದೂರು ಕೊಡೋಕೆ ಹಿಡಿಯುವ ಒಂದು ಹಗ್ಗ ಸಿಕ್ಕಿತು.

ಈಜಿಪ್ಟಿನ ವಿಷಯದಲ್ಲೂ ಅಂಥ ಹಗ್ಗ ಅಮೆರಿಕದ ಕೈಯಲ್ಲಿ ಇದೆ. 130 ಕೋಟಿ ಡಾಲರಿನಲ್ಲಿ ಸುಮಾರು 30 ಕೋಟಿಯನ್ನು ಮಾನವ ಹಕ್ಕಿನ ಷರತ್ತಿಗೆ ಕಟ್ಟುವುದು ಅಲ್ಲಿಯ ಸಂಸತ್ತಿನ ರೂಢಿ. 2021ರಿಂದ ಮೂರು ವರ್ಷ ಬೈಡನ್ ಸರ್ಕಾರ ಅದರಲ್ಲಿ ಒಂದಿಷ್ಟನ್ನು ತಡೆಹಿಡಿದಿತ್ತು. ಆ ಸಮಯದಲ್ಲೇ ಕೈರೋದಲ್ಲಿ ಕ್ಷಮಾದಾನ ಸಮಿತಿಗೆ ಮತ್ತೆ ಜೀವ ಬಂತು, ನೂರಾರು ಕೈದಿಗಳು ಹೊರಗೆ ಬಂದರು. ಹೊಸದಾಗಿ ಒಳಗೆ ಹೋದವರು ಅದಕ್ಕಿಂತ ಜಾಸ್ತಿ ಅಂತ ಅಲ್ಲಿಯ ಹಕ್ಕು ಸಂಘಟನೆಗಳೇ ಹೇಳಿದವು, ಆದರೂ ಹೊರಗೆ ಬಂದವರ ಮನೆಯವರಿಗೆ ಅದು ಸಣ್ಣದಲ್ಲ. 2024ರ ಸೆಪ್ಟೆಂಬರ್ ಹೊತ್ತಿಗೆ ಗಾಝಾ ಕದನವಿರಾಮದ ಮಾತುಕತೆಗೆ ಸಿಸಿ ಬೇಕಾಗಿದ್ದ. ಅದೇ ಬೈಡನ್ ಸರ್ಕಾರ ಆ ವರ್ಷ ಏನನ್ನೂ ತಡೆಹಿಡಿಯದೆ 130 ಕೋಟಿಯನ್ನೂ ಪೂರ್ತಿ ಬಿಡುಗಡೆ ಮಾಡಿತು. ತಹ್ರೀರ್ ಕಾಲದ ಬ್ಲಾಗರ್, ಬ್ರಿಟನ್ನಿನ ಪೌರತ್ವವೂ ಇದ್ದ ಅಲಾ ಅಬ್ದೆಲ್ ಫತ್ತಾ ಅವರ ಐದು ವರ್ಷದ ಶಿಕ್ಷೆ ಅದೇ ತಿಂಗಳು ಮುಗಿಯಬೇಕಿತ್ತು. ವಿಚಾರಣೆಗೆ ಮುಂಚೆ ಜೈಲಿನಲ್ಲಿ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಅಧಿಕಾರಿಗಳು ಹೇಳಿ ಅವರನ್ನು ಒಳಗೇ ಉಳಿಸಿಕೊಂಡರು. ಲಂಡನ್ನಿನಲ್ಲಿ ಅವರ ತಾಯಿ ಊಟ ಬಿಟ್ಟು ತಿಂಗಳುಗಟ್ಟಲೆ ಕೂತರು. ಬಿಡುಗಡೆ ಆಗಿದ್ದು 2025ರ ಸೆಪ್ಟೆಂಬರಿನಲ್ಲಿ.